ಹಾರ್ಡ್, ಸ್ಟ್ರಾಂಗ್, ಟಫ್

ಗಾಜು, ಉಕ್ಕು, ತೊಗಲು ಎಲ್ಲವನ್ನೂ ನಾವು ‘ಗಟ್ಟಿ’ ಎಂದುಬಿಡುತ್ತೇವೆ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರಿನ ಲೇತುಗಳನ್ನು ಕಂಡ ಸೀಮೆಯಲ್ಲಿ, ನಾಳೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯಬಹುದಾದ ವಿದ್ಯಾರ್ಥಿಗೆ ಈ ಒಂದು ಮಾತು ಸಾಲದು. ಗೀರಿಗೆ ಜಗ್ಗದ್ದು ಹಾರ್ಡ್. ಹೆಚ್ಚು ಭಾರ ತಾಳುವುದು ಸ್ಟ್ರಾಂಗ್. ಪೆಟ್ಟನ್ನು ನುಂಗಿಯೂ ಒಡೆಯದ್ದು ಟಫ್. ಹಾರ್ಡ್ ಎಂಬುದಕ್ಕೆ ‘ಗಡಸು’ ಸೊಗಸಾಗಿ ಒಪ್ಪುತ್ತದೆ. ಟಫ್‌ಗೆ? ‘ಜಿಗುಟು’ ಎಂದರೆ ಅಂಟು ನೆನಪಾಗುತ್ತದೆ!

ಗಾಜು ಗಡಸು, ಆದರೆ ಟಫ್ ಅಲ್ಲ. ಉಕ್ಕಿನ ಉಳಿಯನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಅದೂ ಗಾಜಿನ ಸ್ವಭಾವ ತಾಳುತ್ತದೆ; ಸುತ್ತಿಗೆ ಬಿದ್ದೊಡನೆ ಅಂಚು ಚೂರಾಗಿ ಕಣ್ಣಿಗೆ ಸಿಡಿಯಬಹುದು. ಆದುದರಿಂದ ಅದನ್ನು ಮತ್ತೊಮ್ಮೆ ಮಿತವಾಗಿ ಕಾಯಿಸುತ್ತಾರೆ. ಗಡಸುತನ ತುಸು ಇಳಿದು, ಪೆಟ್ಟು ತಾಳುವ ಗುಣ ಏರುತ್ತದೆ. ಇದೇ ಟೆಂಪರಿಂಗ್, ಉಕ್ಕನ್ನು ಹದಗೊಳಿಸುವ ಕೆಲಸ.