ಕಸಾಯಿಗೆ ಹೊರಟ ಕತ್ತೆಗೆ ಮತ್ತೊಂದು ಮನೆ

ನಿಮ್ಮ ಊರಿನಲ್ಲಿ ಈಗ ಎಷ್ಟು ಕತ್ತೆಗಳಿವೆ? ಮಡಿವಾಳರ ಕೇರಿ, ಇಟ್ಟಿಗೆ ಗೂಡು, ಕುರಿ ಹಟ್ಟಿ, ಎಲ್ಲವನ್ನೂ ಸೇರಿಸಿ ಎಣಿಸಿ ನೋಡಿ. ಹಿಂದೆ ಹತ್ತಿದ್ದ ಕಡೆ ಇಂದು ಒಂದೆರಡು ಸಿಕ್ಕರೆ ಹೆಚ್ಚು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಯಲ್ಲಿ ಉಳಿದದ್ದು 1.2 ಲಕ್ಷ. ಏಳೇ ವರ್ಷಗಳಲ್ಲಿ ನೂರಕ್ಕೆ ಅರವತ್ತರಷ್ಟು ಇಳಿದಿತ್ತು.

ಟ್ರ್ಯಾಕ್ಟರು, ಆಟೋ ಬಂದು ಕತ್ತೆಯ ಹೊರೆಯನ್ನು ಕಸಿದುಕೊಂಡದ್ದು ನಿಜ. ಆದರೆ ಅದೊಂದೇ ಕಾರಣವಲ್ಲ. ಕರಾವಳಿ ಆಂಧ್ರದ ಪ್ರಕಾಶಂ, ಗುಂಟೂರು, ಕೃಷ್ಣಾ, ಪಶ್ಚಿಮ ಗೋದಾವರಿ ಜಿಲ್ಲೆಗಳಲ್ಲಿ ಕತ್ತೆ ಮಾಂಸ ತಿಂದರೆ ಬಲ ಬರುತ್ತದೆ, ಉಬ್ಬಸ, ಬೆನ್ನುನೋವು ಹೋಗುತ್ತದೆ ಎಂಬ ನಂಬಿಕೆ ಇದೆ. ಅಲ್ಲಿನ ಬೇಡಿಕೆಗೆ ನಮ್ಮ ರಾಜ್ಯದ ಕತ್ತೆಗಳೂ ಲಾರಿ ಹತ್ತಿವೆ. ಆಹಾರಕ್ಕಾಗಿ ಕಡಿಯಬಹುದಾದ ಪ್ರಾಣಿಗಳ ಸರ್ಕಾರಿ ಪಟ್ಟಿಯಲ್ಲಿ ಕತ್ತೆ ಇಲ್ಲ. ಆದ್ದರಿಂದ ಈ ವ್ಯಾಪಾರ ಕದ್ದು ನಡೆಯುವಂಥದು. ಇನ್ನು ಚೀನಾದಲ್ಲಿ ಕತ್ತೆಯ ಚರ್ಮ ಕುದಿಸಿ ಔಷಧಿಯ ಅಂಟು ತಯಾರಿಸುತ್ತಾರೆ. ಇದಕ್ಕಾಗಿ ಆಫ್ರಿಕದಲ್ಲಿ ಎಷ್ಟು ಕತ್ತೆಗಳು ಹೋದವೆಂದರೆ, 2024ರ ಫೆಬ್ರವರಿಯಲ್ಲಿ ಅಲ್ಲಿನ ದೇಶಗಳೆಲ್ಲ ಸೇರಿ ಚರ್ಮಕ್ಕಾಗಿ ಕತ್ತೆ ಕಡಿಯುವುದನ್ನು ನಿಲ್ಲಿಸುವ ತೀರ್ಮಾನ ಮಾಡಬೇಕಾಯಿತು.

ಕತ್ತೆಯ ಸಂತತಿ ಬೇಗ ಬೆಳೆಯುವುದಿಲ್ಲ ಎಂಬುದನ್ನು ನೆನಪಿಡಿ. ಗರ್ಭಾವಧಿಯೇ ಸುಮಾರು 12 ತಿಂಗಳು. ಹುಟ್ಟುವುದು ಸಾಮಾನ್ಯವಾಗಿ ಒಂದೇ ಮರಿ.

ಕನಿಕರಪಟ್ಟು ದಲ್ಲಾಳಿಯ ಕೈಯಿಂದಲೇ ಹಣ ಕೊಟ್ಟು ಬಿಡಿಸಿಕೊಳ್ಳುವವರಿದ್ದಾರೆ. ಅವರ ಮನಸ್ಸು ದೊಡ್ಡದು, ಆದರೆ ಈ ದಾರಿ ಸರಿಯೆನ್ನಲಾರೆ. ಆ ಹಣದಿಂದಲೇ ಅವನು ಮುಂದಿನ ಊರಿನಲ್ಲಿ ಇನ್ನೆರಡನ್ನು ಕೊಳ್ಳುತ್ತಾನೆ. ಅದಕ್ಕಿಂತ, ಸಾಕಿದವರಿಂದ ನೇರವಾಗಿ ಕೊಳ್ಳುವುದು ಮೇಲು. ಮಾರುವವರೂ ಅಷ್ಟೆ: ಗುರುತು ಪರಿಚಯವಿಲ್ಲದವನು ಬಂದು ಮುದಿ, ಕುಂಟು, ಗಬ್ಬ ಎನ್ನದೆ ಎಲ್ಲಕ್ಕೂ ಒಂದೇ ಬೆಲೆ ಹೇಳಿದರೆ ಅವನಿಗೆ ಬೇಕಾದುದು ದುಡಿಮೆಯಲ್ಲ ಎಂದು ತಿಳಿಯಿರಿ. ಲಾರಿಯಲ್ಲಿ ಒತ್ತೊತ್ತಾಗಿ ತುಂಬಿದ್ದು ಕಂಡರೆ ಪೊಲೀಸರಿಗೆ ತಿಳಿಸಿ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಕುದುರೆ, ಕತ್ತೆಗಳನ್ನು ಸಾಗಿಸಲು ಪಶುವೈದ್ಯರ ಪತ್ರ ಬೇಕೇ ಬೇಕು.

ಹಿಡಿದ ಪ್ರಾಣಿಗಳನ್ನು ಮೊಕದ್ದಮೆ ಮುಗಿಯುವವರೆಗೆ ಗೋಶಾಲೆ, ಪಿಂಜರಾಪೋಲುಗಳಿಗೆ ಒಪ್ಪಿಸಲು 2017ರ ನಿಯಮಗಳಲ್ಲಿ ಅವಕಾಶವಿದೆ. ದನಗಳ ನಡುವೆ ಕತ್ತೆಗೆ ಮೇವೂ ಹೊಂದದು, ಜೊತೆಯೂ ಹೊಂದದು. ಆಮೇಲಾದರೂ ಅವು ಯಾರದಾದರೂ ಹಿತ್ತಲು ಸೇರಬೇಕು. ಬೆಟ್ಟದ ಓರೆಯ ತೋಟಕ್ಕೆ ಗೊಬ್ಬರ, ಸೌದೆ ಹೊರಬೇಕಾದವರು ಇದನ್ನು ಯೋಚಿಸಬಹುದು.

ತಂದ ಕೂಡಲೇ ನಿಮ್ಮ ದನ, ಕುದುರೆಗಳ ಜೊತೆ ಕಟ್ಟಬೇಡಿ. ಕನಿಷ್ಠ 3 ವಾರ ಬೇರೆ ಇಡಿ. ನೀರಿನ ತೊಟ್ಟಿಯೂ ಬೇರೆ ಇರಲಿ. ಗ್ಲ್ಯಾಂಡರ್ಸ್ ಎಂಬ ರೋಗ ಕತ್ತೆ, ಕುದುರೆಗಳಿಂದ ಮನುಷ್ಯರಿಗೂ ಹರಡುತ್ತದೆ. ಮೂಗಿನಿಂದ ಅಂಟಂಟಾದ ಸುರಿತ, ಮೂಗಿನೊಳಗೆ ಹುಣ್ಣು, ಚರ್ಮದ ಮೇಲೆ ಸಾಲು ಗಂಟು ಕಂಡರೆ ಮುಟ್ಟದೆ ಪಶುವೈದ್ಯರಿಗೆ ಹೇಳಿ. ಲಕ್ಷಣ ಇಲ್ಲದಿದ್ದರೂ ರಕ್ತ ಪರೀಕ್ಷೆ ಮಾಡಿಸಿರಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿರಿ.

ಬಡಕಲು ಕತ್ತೆ ಕಂಡಾಗ ಹುರುಳಿ, ಜೋಳ, ಬೂಸಾ ಸುರಿಯುವ ಆಸೆ ಬರುತ್ತದೆ. ಅದು ಅಪಾಯ. ಕಾಳು ಹೆಚ್ಚಾದರೆ ಹೊಟ್ಟೆನೋವು ಬರುತ್ತದೆ, ಗೊರಸಿನ ಒಳಗೆ ಬಾವು ಬಂದು ಪ್ರಾಣಿ ನಿಲ್ಲಲಾರದು. 100 ಕಿಲೋ ತೂಗುವ ಕತ್ತೆಗೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಒಣ ಮೇವು ಸಾಕು. ರಾಗಿ ಹುಲ್ಲು, ಜೋಳದ ದಂಟು ಆದೀತು. ಬೂಷ್ಟು ಹಿಡಿದದ್ದು ಬೇಡ. ಸ್ವಲ್ಪಸ್ವಲ್ಪವಾಗಿ ನಾಲ್ಕೈದು ಸಲ ಹಾಕಿ, ಶುದ್ಧ ನೀರು ಸದಾ ಎದುರಿಗಿರಲಿ.

ಕತ್ತೆ ನೋವನ್ನು ತೋರಿಸದ ಪ್ರಾಣಿ. ಸುಮ್ಮನೆ ತಲೆ ಬಗ್ಗಿಸಿ ನಿಂತಿದ್ದರೆ, ಒಂದು ದಿನ ಮೇವು ಬಿಟ್ಟರೆ, ನಾಳೆ ನೋಡೋಣ ಎನ್ನಬೇಡಿ. ಉಪವಾಸವಿದ್ದಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ ಯಕೃತ್ತು ಕೆಡುತ್ತದೆ; ಆ ಮೇಲೆ ಉಳಿಸುವುದು ಕಷ್ಟ. ಜೊತೆಗಾರನನ್ನು ಅಗಲಿದರೂ ಕತ್ತೆ ಮೇವು ಬಿಡುವುದುಂಟು. ಅದಕ್ಕೇ ಒಂದನ್ನು ತರುವ ಬದಲು, ಜೊತೆಯಲ್ಲೇ ಬೆಳೆದ ಎರಡನ್ನು ತನ್ನಿ. ಎರಡಕ್ಕೆ ಮೇವಿಲ್ಲದಿದ್ದರೆ ನೆರೆಮನೆಯವರೊಂದಿಗೆ ಮಾತಾಡಿ.

ಬೆನ್ನಿನ ಹುಣ್ಣು ಮಾಗಿ, ಆ ಜಾಗದ ಚರ್ಮ ಗಟ್ಟಿಯಾಗುವವರೆಗೆ ಹೊರೆ ಹಾಕಬಾರದು. ಗೊರಸು ಬೆಳೆದು ಮೊಗಚಿದ್ದರೆ ಒಂದೇ ಸಲಕ್ಕೆ ಕತ್ತರಿಸದೆ, ಆರೆಂಟು ವಾರಗಳಿಗೊಮ್ಮೆ ತಿಳಿದವರಿಂದ ಸ್ವಲ್ಪಸ್ವಲ್ಪ ತೆಗೆಸಿ. ಮುಂಗಾರಿನಲ್ಲಿ ಸೂರು ಬೇಕು: ಕತ್ತೆಯ ಕೂದಲು ಮಳೆ ನೀರನ್ನು ತಡೆಯುವುದಿಲ್ಲ.