ಗುರಿ ಹಾಳೆಯ ಹಿಂದೆ ಏನಿಡಬೇಕು? ಪ್ಲೈವುಡ್‌ಗಿಂತ ಅಂಗಡಿಯ ಖಾಲಿ ರಟ್ಟೇ ವಾಸಿ

ಮಡಿಕೇರಿ: ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮಾಮೂಲು. ಅಲ್ಲಿ ಕಾಯಿಗೆ ಗುಂಡು ಬಿತ್ತೋ ಇಲ್ಲವೋ ಅನ್ನೋದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಏರ್ ರೈಫಲ್‌ನಲ್ಲಿ ಕಾಗದದ ಗುರಿಗೆ ಹೊಡೆಯುವಾಗ ಹಾಗಲ್ಲ. ಅಂಕ ಹೇಳುವುದು ಹಾಳೆಯಲ್ಲಿ ಬಿದ್ದ ತೂತು. ಆ ತೂತು ದುಂಡಗೆ ಬೀಳುತ್ತದೋ, ಹರಿದು ಹೋಗುತ್ತದೋ ಎಂಬುದು ಬಹುಪಾಲು ಹಾಳೆಯ ಹಿಂದೆ ಏನಿದೆ ಎಂಬುದರ ಮೇಲೆ ನಿಂತಿದೆ.

10 ಮೀಟರ್ ಏರ್ ರೈಫಲ್ ಗುರಿಯಲ್ಲಿ ನಟ್ಟನಡುವಿನ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಒಂದು ವೃತ್ತಕ್ಕೂ ಇನ್ನೊಂದಕ್ಕೂ ಅಂತರ 2.5 ಮಿ.ಮೀ. ಪೆಲೆಟ್ ದಪ್ಪ 4.5 ಮಿ.ಮೀ. ತೂತಿನ ಅಂಚು ಗೆರೆಗೆ ತಾಗಿದರೂ ಒಳಗಿನ ವೃತ್ತದ ಅಂಕ ಸಿಗುತ್ತದೆ. ಹೀಗಿರುವಾಗ ಕಾಗದ ಒಂದು ಮಿ.ಮೀ. ಹೆಚ್ಚು ಹರಿದರೂ ಜಗಳಕ್ಕೆ ಸಾಕು.

ಹಿಂಬದಿಯ ಹಲಗೆಯ ಕೆಲಸ ಹಾಳೆಯನ್ನು ಬಿಗಿಯಾಗಿ ಹಿಡಿಯುವುದು, ಅಷ್ಟೇ. ಗುಂಡು ಅದನ್ನು ದಾಟಿ ಹೋಗಬೇಕು. ಗುಂಡನ್ನು ತಡೆಯುವುದು ಅದರ ಹಿಂದಿನ ತಡೆಯ ಕೆಲಸ. ಈ ಎರಡನ್ನೂ ಒಂದೇ ಅಂದುಕೊಂಡು ದಪ್ಪ ಪ್ಲೈವುಡ್, ತಗಡು ತರುವವರಿದ್ದಾರೆ. ಅಪಾಯ ಇರೋದು ಅಲ್ಲೇ. ಏರ್ ಗನ್ ಪೆಲೆಟ್ ಗಟ್ಟಿ ಮರಕ್ಕೋ ನೆಟ್ಟಗೆ ನಿಂತ ತಗಡಿಗೋ ಬಡಿದರೆ ಹೊಡೆದವನ ಕಡೆಗೇ ಸಿಡಿಯಬಹುದು. ಉಕ್ಕಿನ ಸಣ್ಣ ಗುಂಡಾದರೆ ಇನ್ನೂ ಕಷ್ಟ. ಕಣ್ಣಿಗೆ ಕನ್ನಡಕ ಹಾಕದೆ ಹೊಡೆಯುವುದು ಬೇಡವೇ ಬೇಡ.

ಹಾಗಾದರೆ ಯಾವುದು ಒಳ್ಳೆಯದು? ದಿನಸಿ ಅಂಗಡಿಯಲ್ಲಿ ಬಿಸ್ಕತ್ತು, ಸೋಪು ಬರುವ ಸುಕ್ಕು ರಟ್ಟಿನ ಪೆಟ್ಟಿಗೆ. ಮಡಿಕೆ ಇಲ್ಲದ ಚಪ್ಪಟೆ ಭಾಗ ಕತ್ತರಿಸಿ, ಮರದ ರೀಪಿನ ಚೌಕಟ್ಟಿಗೆ ಸ್ಟೇಪ್ಲರ್ ಹೊಡೆದರೆ ಆಯ್ತು. ಇದಕ್ಕೆ ಕಾಸು ಖರ್ಚಿಲ್ಲ, ಹಾಳಾದರೆ ಬೇಸರವೂ ಇಲ್ಲ.

ಥರ್ಮಾಕೋಲ್ ಹಗುರ, ಸುಲಭವಾಗಿ ಸಿಗುತ್ತದೆ. ಆದರೆ ನಾಲ್ಕು ಗುಂಡಿಗೇ ನಡುವೆ ಪೊಳ್ಳಾಗಿ, ಬಿಳಿ ಕಾಳು ತೋಟದ ತುಂಬಾ ಹಾರುತ್ತದೆ. ಬ್ಯಾನರ್ ಅಂಗಡಿಯವರು ಕೊಡುವ ಪೊಳ್ಳು ಪದರದ ಪ್ಲಾಸ್ಟಿಕ್ ಶೀಟ್ ಮಳೆಗೆ ಜಗ್ಗುವುದಿಲ್ಲ. ನಮ್ಮ ಜಿಲ್ಲೆಯ ಮಳೆಗೆ ರಟ್ಟು ಮುದ್ದೆಯಾಗುವುದರಿಂದ, ಬಯಲಲ್ಲಿ ಹೊಡೆಯುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಗತಿ. ಬೇಸಿಗೆಯ ಬಿಸಿಲಿಗೆ ಮಾತ್ರ ಅದು ಗರಿಗರಿಯಾಗಿ ಒಡೆಯುತ್ತದೆ.

ಯಾವ ಹಲಗೆ ಇಟ್ಟರೂ ಮೊದಲು ಸಾಯುವುದು ಅದರ ನಡುಭಾಗ. ಅಲ್ಲಿ ಗುಂಡಿ ಬಿದ್ದ ಮೇಲೆ ಹೊಸ ಹಾಳೆ ಅಂಟಿಸಿದರೂ ಹಿಂದೆ ಆಸರೆ ಇರಲ್ಲ, ಕಾಗದ ನಕ್ಷತ್ರದ ಹಾಗೆ ಸೀಳುತ್ತದೆ. ಅದಕ್ಕೆ ಇಡೀ ಹಲಗೆ ಬಿಸಾಡಬೇಕಿಲ್ಲ. ಅಂಗೈಯಗಲ ಹೊಸ ರಟ್ಟಿನ ತುಂಡು ಅದೇ ಜಾಗಕ್ಕೆ ಅಂಟಿಸಿದರೆ ಸಾಕು. ಹಾಳೆಯನ್ನು ಪ್ರತಿ ಸಲ ಸ್ವಲ್ಪ ಪಕ್ಕಕ್ಕೆ ಸರಿಸಿ ಅಂಟಿಸುವುದೂ ಒಂದು ಉಪಾಯ.

ಅಂಗಡಿಯಲ್ಲಿ ಸಿಗುವ ಗುರಿ ಕಾರ್ಡ್ ದಪ್ಪಗಿರುತ್ತದೆ, ಅಂಚು ಹಿಡಿದರೂ ನಿಲ್ಲುತ್ತದೆ. ಜೆರಾಕ್ಸ್ ಹಾಳೆ ತೆಳು. ಅದಕ್ಕೆ ಮೈದಾ ಅಂಟನ್ನು ತೆಳ್ಳಗೆ, ಪೂರ್ತಿ ಸವರಿ ರಟ್ಟಿಗೆ ಅಂಟಿಸಿ ಒಣಗಿಸಬೇಕು. ನಾಲ್ಕು ಮೂಲೆಗೆ ಪಿನ್ ಹೊಡೆದರೆ ತೂತು ಚೆನ್ನಾಗಿ ಬರಲ್ಲ. ಚೂಪು ಮೂತಿಯ ಪೆಲೆಟ್‌ಗಿಂತ ಚಪ್ಪಟೆ ಮೂತಿಯದು ಕಾಗದವನ್ನು ನೀಟಾಗಿ ಕತ್ತರಿಸುತ್ತದೆ. ಜೆರಾಕ್ಸ್ ಅಂಗಡಿಯವರಿಗೆ ಒಂದು ಮಾತು: ಹಾಳೆಗೆ ಹೊಂದಿಸಿ ಅಂತ ಕುಗ್ಗಿಸದೆ ನೂರಕ್ಕೆ ನೂರು ಅಳತೆಯಲ್ಲೇ ಪ್ರಿಂಟ್ ಕೊಡಿ. ರೈಫಲ್ ಗುರಿಯ ಕಪ್ಪು ಭಾಗ ಸ್ಕೇಲಿಟ್ಟು ನೋಡಿದರೆ 30.5 ಮಿ.ಮೀ. ಬರಬೇಕು.

ಹಿಂದಿನ ತಡೆಗೆ ಏರ್ ಗನ್ನಿಗಾದರೆ ಗಟ್ಟಿ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ, ಪೇಪರನ್ನು ಒತ್ತಿ ಒತ್ತಿ ತುಂಬಿ, ಅದರ ಹಿಂದೆ ಗೋಡೆ ಇರಲಿ. ಪೆಟ್ಟಿಗೆಯ ನಡುಭಾಗ ತೂತಾಗುತ್ತಾ ಬರುವುದರಿಂದ ಆಗಾಗ ಬಿಚ್ಚಿ ನೋಡಬೇಕು. .22 ಅಥವಾ ತೋಟಾ ಕೋವಿಗೆ ಈ ಪೆಟ್ಟಿಗೆ ಏನೂ ಅಲ್ಲ. .22 ಗುಂಡು ಒಂದೂವರೆ ಕಿ.ಮೀ. ದೂರ ಹೋಗಬಲ್ಲದು. ಅದಕ್ಕೆ ಎತ್ತರದ, ಕಲ್ಲಿಲ್ಲದ ಮಣ್ಣಿನ ಬರೆಯೇ ಬೇಕು. ಬರೆಯ ಆಚೆ ಲೈನ್ ಮನೆಯೋ ಕಾಲುದಾರಿಯೋ ಇದ್ದರೆ ಆ ಜಾಗ ಬೇಡ.

ಹಳೇ ರಟ್ಟು ಬಚ್ಚಲ ಒಲೆಗೆ ಹೋಗುವುದು ನಮ್ಮಲ್ಲಿ ರೂಢಿ. ಗುರಿಗೆ ಬಳಸಿದ ರಟ್ಟನ್ನು ಮಾತ್ರ ಉರಿಸಬಾರದು, ದನದ ಕೊಟ್ಟಿಗೆಗೂ ಹಾಕಬಾರದು. ಪೆಲೆಟ್ ಸೀಸದ್ದು, ಅದರ ಚೂರು ಮತ್ತು ಪುಡಿ ರಟ್ಟಿನಲ್ಲೇ ಉಳಿದಿರುತ್ತದೆ. ಬೇರೆ ಚೀಲಕ್ಕೆ ಕಟ್ಟಿಟ್ಟು, ಸೋಪು ಹಾಕಿ ಕೈ ತೊಳೆದ ಮೇಲೆಯೇ ಕಾಫಿ ಲೋಟ ಮುಟ್ಟಬೇಕು.