‘ಅನ್‌ಡೂ’ ಇಲ್ಲದ ಬಣ್ಣ: ಚಿತ್ರದಲ್ಲಿ ಹಿಡಿತ ಎಷ್ಟು, ಆಕಸ್ಮಿಕ ಎಷ್ಟು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಇವತ್ತು ಚಿತ್ರಕಲೆ ಬಗ್ಗೆ ಮಾತಾಡೋಣ. ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಹಾಗಾಗಿ ಬಣ್ಣದ ಮಾತಿನ ನಡುವೆ ಲಾಭ ನಷ್ಟದ ಮಾತೂ ಬರುತ್ತೆ. ಬರಬೇಕು ಕೂಡ. ಯಾಕೆ ಅಂತ ಕೊನೆ ಹೊತ್ತಿಗೆ ಗೊತ್ತಾಗುತ್ತೆ.

ಇದು ಶುರುವಾಗಿದ್ದು ನಮ್ಮ ಸೋದರಮಾವನಿಂದ. ಅರಸೀಕೆರೆಯಲ್ಲಿ ಮೂವತ್ತು ವರ್ಷ ಅಂಗಡಿ ಬೋರ್ಡ್ ಬರೆದವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯ್ತು. ಅದರ ಹಿಂದೆಯೇ ಬಲಗೈ ನಡುಗೋಕೆ ಶುರುವಾಯ್ತು. ಈಗ ಮನೆಯಲ್ಲೇ ಕೂತು ಜಲವರ್ಣದಲ್ಲಿ ಚಿತ್ರ ಮಾಡ್ತಾರೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನನ್ನ ಹಳೇ ಐಪ್ಯಾಡ್, ಅದರ ಪೆನ್ನು ಎರಡನ್ನೂ ಅವರಿಗೆ ಕೊಟ್ಟೆ. ಅದರಲ್ಲಿ ಪ್ರೊಕ್ರಿಯೇಟ್ ಆ್ಯಪ್ ಇತ್ತು. ಅದರಲ್ಲಿ ‘ಸ್ಟ್ರೀಮ್‌ಲೈನ್’ ಅಂತ ಒಂದು ಸೆಟ್ಟಿಂಗ್ ಇದೆ. ಪೆನ್ನು ಓಡಿದ ದಾರಿಯ ಸಣ್ಣಪುಟ್ಟ ಅಂಕುಡೊಂಕನ್ನೆಲ್ಲ ನುಣುಪು ಮಾಡಿ ಗೆರೆ ಕೊಡುತ್ತೆ. ನಾನು ಅದನ್ನ ಪೂರ್ತಿ ಏರಿಸಿಟ್ಟೆ.

ಮಾವ ಒಂದು ‘ಅ’ ಬರೆದರು. ನಡುಕದ ಸುಳಿವೇ ಇಲ್ಲ. ಅವರ ಹಳೇ ಬೋರ್ಡುಗಳಲ್ಲಿ ಇದ್ದಂಥದ್ದೇ ತುಂಬಿದ, ಮೈಕೈ ಚೆನ್ನಾಗಿರೋ ‘ಅ’. ನನಗಂತೂ ಖುಷಿಯೋ ಖುಷಿ. ಮಾವ ಸ್ವಲ್ಪ ಹೊತ್ತು ಅದನ್ನೇ ನೋಡಿ, “ಚೆನ್ನಾಗೈತೆ ಕಣೋ. ಆದ್ರೆ ಇದು ನಾನು ಬರ್ದಿದ್ದಲ್ಲ” ಅಂದ್ರು.

ಆ ಮಾತು ತಲೆಯಲ್ಲೇ ಉಳೀತು. ನಡುಗುವ ಕೈ ಬರೆದ ಗೆರೆ ಅವರದ್ದು, ನೆಟ್ಟಗಿರೋದು ಅವರದ್ದಲ್ಲ ಅಂದ್ರೆ ಏನರ್ಥ? ಚಿತ್ರದಲ್ಲಿ ಎಷ್ಟು ನಮ್ಮ ಹಿಡಿತದಲ್ಲಿರಬೇಕು, ಎಷ್ಟನ್ನ ತನ್ನಷ್ಟಕ್ಕೆ ಆಗೋಕೆ ಬಿಡಬೇಕು?

ನೀರು ಮಾಡುವ ಕೆಲಸ

ಮೊದಲು ಜಲವರ್ಣ. ಇದರಲ್ಲಿ ಅರ್ಧ ಕೆಲಸ ನಿಮ್ಮದು, ಇನ್ನರ್ಧ ನೀರಿನದು. ಕಾಗದ ಒದ್ದೆ ಮಾಡಿ ಬಣ್ಣ ತಾಕಿಸಿದರೆ ಅದು ಹರಡುತ್ತೆ. ಎಲ್ಲಿವರೆಗೆ, ಯಾವ ಆಕಾರದಲ್ಲಿ ಅನ್ನೋದನ್ನ ಪೂರ್ತಿ ಹೇಳೋಕೆ ಯಾರಿಂದಲೂ ಆಗಲ್ಲ. ಹಾಗಂತ ಅದು ಬರೀ ಅದೃಷ್ಟವೂ ಅಲ್ಲ.

ಕಾಗದದ ಮೇಲೆ ನೀರು ಫಳಫಳ ಹೊಳೀತಾ ಇದ್ದರೆ ಬಣ್ಣ ಮೋಡದ ಹಾಗೆ ಮೆತ್ತಗೆ ಹಬ್ಬುತ್ತೆ. ಹೊಳಪು ಹೋಗಿ ಬರೀ ಪಸೆ ಉಳಿದಿದ್ದರೆ ಹಬ್ಬೋದು ಕಡಿಮೆ. ಪೂರ್ತಿ ಒಣಗಿದ್ದರೆ ಅಂಚು ಚೂರಿಯಲ್ಲಿ ಕೊಯ್ದ ಹಾಗೆ ನಿಲ್ಲುತ್ತೆ. ಈ ಮೂರರಲ್ಲಿ ಅಪಾಯ ಇರೋದು ನಡುವಿನ ಹೊತ್ತಲ್ಲಿ. ಅರೆ ಒಣಗಿದ ಬಣ್ಣದ ಮೇಲೆ ನೀರು ಜಾಸ್ತಿ ಇರೋ ಬ್ರಷ್ ತಾಕಿತು ಅಂದ್ರೆ, ಆ ನೀರು ಒಣಗ್ತಾ ಇರೋ ಕಡೆಗೆ ನುಗ್ಗಿ ಬಣ್ಣದ ಕಣಗಳನ್ನ ತಳ್ಳಿಕೊಂಡು ಹೋಗುತ್ತೆ. ನಿಂತ ಜಾಗದಲ್ಲಿ ಹೂಕೋಸಿನ ಅಂಚಿನಂಥ ಕಲೆ ಬೀಳುತ್ತೆ. ಹೊಸಬರಿಗೆ ಅದು ತಪ್ಪು. ಪಳಗಿದವರು ಅದನ್ನೇ ಬೇಕಂತ ಕರೆಸಿಕೊಂಡು ಮರದ ತಲೆಯನ್ನೋ ಮಳೆ ಮೋಡವನ್ನೋ ಮಾಡ್ತಾರೆ.

ಟೇಬಲ್ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚಲ್ಲೇ ಕಪ್ಪು ಉಂಗುರ ಕಟ್ಟುತ್ತಲ್ಲ, ಅದೂ ಇದರ ಹತ್ತಿರದ ಸಂಬಂಧಿ. 1997ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಇದರ ಕಾರಣ ವಿವರಿಸಿದರು. ಹನಿಯ ಅಂಚು ಮೇಲ್ಮೈಗೆ ಅಂಟಿಕೊಂಡಿರುತ್ತೆ. ಅಲ್ಲಿ ಆವಿಯಾದ ನೀರಿನ ಜಾಗ ತುಂಬೋಕೆ ಒಳಗಿನ ನೀರು ಅಂಚಿನ ಕಡೆ ಹರಿಯುತ್ತೆ. ಹೋಗುವಾಗ ಕಣಗಳನ್ನೂ ಹೊತ್ತುಕೊಂಡು ಹೋಗುತ್ತೆ. ಅಂದ್ರೆ ನಾವು ‘ಆಕಸ್ಮಿಕ’ ಅನ್ನೋದಕ್ಕೂ ನಿಯಮ ಇದೆ. ಫಲಿತಾಂಶವನ್ನ ಗೆರೆ ಗೆರೆಯಾಗಿ ಹೇಳೋಕಾಗಲ್ಲ, ಆದರೆ ಅದರ ಸ್ವಭಾವ ಗೊತ್ತಿರುತ್ತೆ.

ಬಣ್ಣದ ಆಯ್ಕೆಯೂ ಹಾಗೆಯೇ. ಅಲ್ಟ್ರಾಮರೀನ್ ನೀಲಿಯ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು ಮರಳು ಮರಳಾಗಿ ಕಾಣುತ್ತವೆ. ಥ್ಯಾಲೋ ನೀಲಿಯ ಕಣ ತೀರಾ ನುಣುಪು. ಅದು ಸಮನಾಗಿ ಹರಡಿ, ಕಾಗದವನ್ನ ಹಿಡಿದರೆ ಬಿಡಲ್ಲ. ಯಾವ ಟ್ಯೂಬ್ ಹಿಂಡ್ತೀರಿ ಅನ್ನೋದರಲ್ಲೇ ಎಷ್ಟು ಆಕಸ್ಮಿಕಕ್ಕೆ ಬಾಗಿಲು ತೆಗೀತೀರಿ ಅನ್ನೋದೂ ತೀರ್ಮಾನ ಆಗಿರುತ್ತೆ.

ಬಿಜಾಪುರದ ಬಡಕಲು ಕುದುರೆ

ಇದೇನೋ ಹೊಸಗಾಲದ ಯೋಚನೆ ಅಂದುಕೋಬೇಡಿ. ಉದಾಹರಣೆ ನಮ್ಮ ವಿಜಯಪುರದಲ್ಲೇ ಇದೆ. ಹದಿನೇಳನೇ ಶತಮಾನದ ಮೊದಲರ್ಧದಲ್ಲಿ, ಆದಿಲ್‌ಶಾಹಿಗಳ ಕಾಲದಲ್ಲಿ, ಬಿಜಾಪುರದಲ್ಲಿ ಮಾಡಿದವು ಎನ್ನಲಾಗುವ ಕೆಲವು ಚಿತ್ರಗಳಿವೆ. ಅವುಗಳಲ್ಲೊಂದು ಎಲುಬು ಬಿಟ್ಟುಕೊಂಡ ಬಡಕಲು ಕುದುರೆ ಮತ್ತು ಅದರ ಸವಾರ. ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಇವುಗಳ ವಿಶೇಷ ಅಬ್ರಿ. ಅಂದ್ರೆ ಮಾರ್ಬಲಿಂಗ್. ಹಳೇ ಲೆಕ್ಕದ ಪುಸ್ತಕಗಳ ರಟ್ಟಿನ ಒಳಗೆ ಸುಳಿ ಸುಳಿ ಬಣ್ಣದ ಕಾಗದ ನೋಡಿರ್ತೀರಲ್ಲ, ಅದೇ. ಅಂಟು ಕಲಸಿ ಮಂದ ಮಾಡಿದ ನೀರಿನ ಮೇಲೆ ಬಣ್ಣದ ಹನಿಗಳನ್ನ ತೇಲಿಬಿಡ್ತಾರೆ. ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೀತಾರೆ. ಮೇಲೆ ಕಾಗದ ಮಲಗಿಸಿ ಎತ್ತುತ್ತಾರೆ. ನೀರಿನ ಮೇಲಿದ್ದದ್ದು ಕಾಗದಕ್ಕೆ ಬರುತ್ತೆ. ಅಂಥದ್ದೇ ಇನ್ನೊಂದು ಮತ್ತೆ ಬರಲ್ಲ.

ಈ ಚಿತ್ರಕಾರರು ಜಾಣತನ ತೋರಿಸಿದ್ದು ಎಲ್ಲಿ ಅಂದ್ರೆ, ಬಣ್ಣವನ್ನ ಇಡೀ ಹಾಳೆಗೆ ಬಿಡಲಿಲ್ಲ. ಬೇಡದ ಭಾಗವನ್ನ ಮುಚ್ಚಿ, ಬೇಕಾದ ಭಾಗಕ್ಕೆ ಮಾತ್ರ ಸುಳಿ ಹತ್ತುವ ಹಾಗೆ ಮಾಡಿದರು. ಉಳಿದದ್ದನ್ನ ಸಣ್ಣ ಕುಂಚದಲ್ಲಿ, ಪೂರ್ತಿ ಹಿಡಿತದಲ್ಲಿ, ಎಳೆ ಎಳೆಯಾಗಿ ಬರೆದರು. ಬೇಲಿ ಮನುಷ್ಯನದು, ಒಳಗಿನ ಬೆಳೆ ನೀರಿನದು. ಸುಮಾರು ನಾನೂರು ವರ್ಷದ ಹಿಂದೆಯೇ ಈ ಲೆಕ್ಕ ಅವರಿಗೆ ಗೊತ್ತಿತ್ತು.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಅಮೆರಿಕದ ಜಾಕ್ಸನ್ ಪೊಲಾಕ್. ಕ್ಯಾನ್ವಾಸನ್ನ ನೆಲಕ್ಕೆ ಹಾಸಿ, ಸುತ್ತ ಓಡಾಡ್ತಾ ಬಣ್ಣ ಸುರಿದವರು. ನೋಡಿದವರು ಆಕಸ್ಮಿಕ ಅಂದ್ರು. ಅವರು ಮಾತ್ರ ಒಪ್ಪಲಿಲ್ಲ, ಬಣ್ಣದ ಹರಿವು ತನ್ನ ಹಿಡಿತದಲ್ಲಿದೆ ಅಂತಲೇ ವಾದಿಸಿದರು. ಬಣ್ಣ ಎಷ್ಟು ತೆಳು, ಕೈ ಎಷ್ಟು ಎತ್ತರ, ತೋಳು ಎಷ್ಟು ವೇಗ, ಇವೆಲ್ಲ ಅವರ ಕೈಯಲ್ಲೇ ಇತ್ತಲ್ಲ.

ಕಂಪ್ಯೂಟರಿಗೆ ಆಕಸ್ಮಿಕ ಗೊತ್ತಿಲ್ಲ

ಈಗ ಟ್ಯಾಬ್ಲೆಟ್ಟಿಗೆ ಬನ್ನಿ. ಇಲ್ಲಿ ಸಮಸ್ಯೆ ಉಲ್ಟಾ. ನೀರಿಗೆ ಆಕಸ್ಮಿಕ ಹುಟ್ಟುಗುಣ. ಕಂಪ್ಯೂಟರ್‌ ಮಾತ್ರ ಹೇಳಿದ್ದನ್ನಷ್ಟೇ ಮಾಡುತ್ತೆ. ಹಾಗಾಗಿ ಆಕಸ್ಮಿಕವನ್ನೂ ಅದಕ್ಕೆ ಬರೆದುಕೊಡಬೇಕು. ಫೋಟೋಶಾಪ್ ಬ್ರಷ್ ಸೆಟ್ಟಿಂಗಿನಲ್ಲಿ ‘ಜಿಟರ್’, ‘ಸ್ಕ್ಯಾಟರಿಂಗ್’ ಅಂತ ಇರುತ್ತಲ್ಲ, ಅದು ಇದೇ. ಪ್ರತಿ ಚುಕ್ಕೆಯ ಗಾತ್ರ, ಕೋನ, ಜಾಗವನ್ನ ನೀವು ಹೇಳಿದ ಮಿತಿಯೊಳಗೆ ಆಚೀಚೆ ಮಾಡುತ್ತೆ. ಎಷ್ಟು ಪರ್ಸೆಂಟ್ ಅಂತಲೂ ನೀವೇ ಹೇಳಬೇಕು.

ಆ ಆಚೀಚೆಗೆ ಬೇಕಾದ ಸಂಖ್ಯೆಗಳನ್ನ ಸಾಮಾನ್ಯವಾಗಿ ಒಂದು ಸೂತ್ರ ತಯಾರಿಸುತ್ತೆ. ಆ ಸೂತ್ರಕ್ಕೆ ಆರಂಭದಲ್ಲಿ ಕೊಡೋ ಸಂಖ್ಯೆಗೆ ‘ಸೀಡ್’, ಅಂದ್ರೆ ಬೀಜ ಅಂತಾರೆ. ಅದೇ ಬೀಜ ಕೊಟ್ಟರೆ ಅದೇ ‘ಆಕಸ್ಮಿಕ’ ಮತ್ತೆ ಬರುತ್ತೆ. ಅಬ್ರಿ ಕಾಗದದಲ್ಲಿ ಇದು ಸಾಧ್ಯವೇ ಇಲ್ಲ.

ಹಾಗಂತ ಇದನ್ನ ನಕಲಿ ಅಂತ ತಳ್ಳಿಹಾಕೋಕೂ ಆಗಲ್ಲ. ವೆರಾ ಮೊಲ್ನಾರ್ ಅಂತ ಒಬ್ಬ ಕಲಾವಿದೆ ಇದ್ದರು. 1924ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದವರು. ಕಂಪ್ಯೂಟರ್ ಸಿಗೋ ಮೊದಲೇ, ಕಾಗದದ ಮೇಲೆ ನಿಯಮ ಬರೆದುಕೊಂಡು, ತಾವೇ ಯಂತ್ರ ಅನ್ನೋ ಹಾಗೆ ಆ ನಿಯಮದಂತೆ ಚಿತ್ರ ಮಾಡ್ತಿದ್ದರು. 1968ರಲ್ಲಿ ನಿಜವಾದ ಕಂಪ್ಯೂಟರ್ ಕೈಗೆ ಬಂತು. ಒಂದರೊಳಗೊಂದು ಚೌಕ, ಅದರೊಳಗೆ ಇನ್ನೊಂದು, ಹೀಗೆ ಬರೆಸಿ, ಆ ಶಿಸ್ತಿನೊಳಗೆ ಒಂಚೂರು ಗಲಿಬಿಲಿ ಸೇರಿಸ್ತಿದ್ದರು. ‘1 ಪರ್ಸೆಂಟ್ ಅವ್ಯವಸ್ಥೆ’ ಅನ್ನೋ ಮಾತು ಅವರ ಹೆಸರಿನ ಜೊತೆಗೇ ಬರುತ್ತೆ. ಗೆರೆಗಳು ಅಲ್ಲಲ್ಲಿ ತುಸು ವಾಲಿದ್ದಕ್ಕೇ ಇಡೀ ಚಿತ್ರ ಉಸಿರಾಡುತ್ತೆ. ಅವರು 2023ರಲ್ಲಿ, 99ನೇ ವಯಸ್ಸಲ್ಲಿ ತೀರಿಕೊಂಡರು.

ಇನ್ನೊಂದು ಉದಾಹರಣೆ ಜರ್ಮನಿಯದು. ಕೊಲೋನ್ ನಗರದ ಕೆಥೆಡ್ರಲ್‌ಗೆ 2007ರಲ್ಲಿ ಗೆರ್ಹಾರ್ಡ್ ರಿಕ್ಟರ್ ಒಂದು ದೊಡ್ಡ ಗಾಜಿನ ಕಿಟಕಿ ಮಾಡಿಕೊಟ್ಟರು. ಸುಮಾರು 11,500 ಗಾಜಿನ ಚೌಕ, 72 ಬಣ್ಣ. ಯಾವ ಬಣ್ಣಗಳು ಅಂತ ತೀರ್ಮಾನಿಸಿದ್ದು ರಿಕ್ಟರ್, ಯಾವುದು ಎಲ್ಲಿ ಅಂತ ಚೀಟಿ ಎತ್ತಿದ್ದು ಕಂಪ್ಯೂಟರ್. ಇಲ್ಲೂ ಅದೇ ಬೇಲಿ, ಅದೇ ಬೆಳೆ.

ಅನ್‌ಡೂ ಲೆಕ್ಕ

ಹಾಗಾದರೆ ಎರಡಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ? ನನ್ನ ಪ್ರಕಾರ ಬ್ರಷ್ಷಲ್ಲಲ್ಲ, ಅನ್‌ಡೂ ಬಟನ್ನಲ್ಲಿ.

ಫೋಟೋಶಾಪ್ 1990ರಲ್ಲಿ ಬಂದಾಗ ಒಂದೇ ಹೆಜ್ಜೆ ಹಿಂದೆ ಹೋಗಬಹುದಿತ್ತು. 1994ರ ಮೂರನೇ ಆವೃತ್ತಿಯಲ್ಲಿ ಲೇಯರ್ ಬಂತು. 1998ರ ಐದನೇ ಆವೃತ್ತಿಯಲ್ಲಿ ‘ಹಿಸ್ಟರಿ’ ಬಂದು ಹಲವು ಹೆಜ್ಜೆ ಹಿಂದಕ್ಕೆ ಹೋಗೋಕೆ ದಾರಿಯಾಯ್ತು. ಈಗ ಪ್ರೊಕ್ರಿಯೇಟ್‌ನಲ್ಲಿ 250 ಹೆಜ್ಜೆವರೆಗೆ ಹೋಗಬಹುದು. ಅಂದ್ರೆ ತಪ್ಪಿನ ಬೆಲೆ ಹೆಚ್ಚುಕಮ್ಮಿ ಸೊನ್ನೆ.

ಇದರಿಂದ ಒಳ್ಳೇದೂ ಆಗಿದೆ. ಒಳ್ಳೆ ಕಾಟನ್ ಪೇಪರಿನ ದೊಡ್ಡ ಹಾಳೆ ಒಂದಕ್ಕೇ ನೂರಾರು ರೂಪಾಯಿ. ಅಷ್ಟು ಕೊಡೋಕಾಗದ ಹುಡುಗ ಹುಡುಗಿಯರು ಸ್ಕ್ರೀನ್ ಮೇಲೆ ಸಾವಿರ ಸಲ ಎಡವಿ ಕಲೀಬಹುದು. ಕೆಟ್ಟದ್ದು ಏನು ಅಂದ್ರೆ, ಆಕಸ್ಮಿಕ ಬಂದಾಗ ಅದಕ್ಕೆ ಉತ್ತರ ಕೊಡೋ ಗರಜೇ ಬೀಳಲ್ಲ. ಕಾಗದದ ಮೇಲೆ ಕಲೆ ಬಿದ್ದರೆ ನೀವು ಅಲ್ಲೇ ಯೋಚಿಸಬೇಕು: ಇದನ್ನ ಮೋಡ ಮಾಡ್ಲಾ, ಮರ ಮಾಡ್ಲಾ? ಚಿತ್ರ ನೀವು ಅಂದುಕೊಂಡ ದಾರಿ ಬಿಟ್ಟು ಬೇರೆ ಕಡೆ ಹೊರಳುತ್ತೆ. ಸ್ಕ್ರೀನ್ ಮೇಲೆ ಎರಡು ಬೆರಳು ತಟ್ಟಿದರೆ ಕಲೆ ಮಾಯ, ಅದರ ಜೊತೆ ಆ ಯೋಚನೆಯೂ ಮಾಯ.

ನನ್ನದೇ ಅನುಭವ ಹೇಳ್ತೀನಿ. ಈ ಪಾಡ್‌ಕಾಸ್ಟಿನ ಕವರ್ ಚಿತ್ರ ನಾನೇ ಮಾಡೋಣ ಅಂತ ಕೂತೆ. ಮೂರು ವಾರದಲ್ಲಿ ನಲವತ್ತು ಚಿಲ್ಲರೆ ಆವೃತ್ತಿ ಆಯ್ತು. ಯಾವುದೂ ಕೆಟ್ಟದಾಗಿರಲಿಲ್ಲ, ಯಾವುದೂ ಮುಗಿದಿರಲೂ ಇಲ್ಲ. ಪ್ರತಿಯೊಂದರಲ್ಲೂ ಹಿಂದಕ್ಕೆ ಹೋಗೋ ದಾರಿ ತೆರೆದೇ ಇತ್ತು.

ಆದರೆ “ಆಕಸ್ಮಿಕವನ್ನ ಅಪ್ಪಿಕೊಳ್ಳಿ” ಅಂತ ಸುಲಭವಾಗಿ ಉಪದೇಶ ಮಾಡೋರಿಗೆ ಮಾವನ ಇನ್ನೊಂದು ಮಾತು ಹೇಳಬೇಕು. ಬೋರ್ಡ್ ಬರೆಯೋ ಕಾಲದಲ್ಲಿ ಅವರು ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೀತಿದ್ದರು, ಕೈ ಆನಿಸೋಕೆ ಕೋಲು ಇಟ್ಟುಕೊಳ್ತಿದ್ದರು. “ಎನಾಮೆಲ್ ಒಂದು ತೊಟ್ಟು ಜಾರಿದ್ರೆ ಆವತ್ತಿನ ಕೂಲಿ ಹೋಯ್ತು. ಅಂಗಡಿಯೋನು ಅದನ್ನ ಕಲೆ ಅಂತಾನಾ?” ಅಂದ್ರು. ನಿಜ. ನಷ್ಟ ಅವರ ತಲೆ ಮೇಲೇ ಇದ್ದಾಗ ಅವರು ಆಕಸ್ಮಿಕಕ್ಕೆ ಒಂದು ಇಂಚೂ ಬಿಡಲಿಲ್ಲ. ಬಿಡೋ ಸ್ಥಿತಿಯಲ್ಲೂ ಇರಲಿಲ್ಲ.

ಹಾಗಾಗಿ ನಾನು ಕಂಡುಕೊಂಡದ್ದು ಇಷ್ಟು. ಆಕಸ್ಮಿಕಕ್ಕೆ ಒಂದು ಬೆಲೆ ಇರಬೇಕು, ಆದರೆ ಅದು ನಾವು ಕಟ್ಟೋಕಾಗೋ ಬೆಲೆ ಆಗಿರಬೇಕು. ತೀರಾ ದುಬಾರಿಯಾದರೆ ಕೈ ಹೆದರುತ್ತೆ. ಪುಕ್ಕಟೆಯಾದರೆ ಕಣ್ಣು ನೋಡೋದನ್ನೇ ಬಿಡುತ್ತೆ.

ನೀವೇ ಮಾಡಿ ನೋಡಿ

ಇದನ್ನ ಮಾಡಿ ನೋಡೋ ದಾರಿ ಸರಳ. ಟ್ಯಾಬ್ಲೆಟ್ಟಿನಲ್ಲಿ ಬರೆಯೋರು ವಾರಕ್ಕೊಂದು ಚಿತ್ರವನ್ನ ಒಂದೇ ಲೇಯರಿನಲ್ಲಿ, ಅನ್‌ಡೂ ಮುಟ್ಟದೆ, ಅರ್ಧ ಗಂಟೆಯಲ್ಲಿ ಮುಗಿಸಿ. ಬ್ರಷ್‌ನ ಜಿಟರನ್ನ ಎಲ್ಲ ಕಡೆ ಏರಿಸಬೇಡಿ, ಒಂದೇ ಕಡೆ ಏರಿಸಿ ಏನಾಗುತ್ತೆ ನೋಡಿ. ಜಲವರ್ಣದವರು ಉಲ್ಟಾ ಮಾಡಿ. ದೊಡ್ಡ ಹಾಳೆಯನ್ನ ಎಂಟು ತುಂಡು ಮಾಡಿ, ಒಂದೇ ಆಕಾಶವನ್ನ ಎಂಟು ಸಲ ಬರೀರಿ. ಹಾಳಾದರೆ ಹೋಗೋದು ಎಂಟರಲ್ಲೊಂದು ಪಾಲು. ಎಂಟನೇ ಆಕಾಶದ ಹೊತ್ತಿಗೆ ಕಾಗದದ ಹೊಳಪು ಹೋಗೋ ಗಳಿಗೆ ನಿಮ್ಮ ಕಣ್ಣಿಗೆ ಸಿಕ್ಕಿರುತ್ತೆ.

ಹೋದ ತಿಂಗಳು ಮತ್ತೆ ಊರಿಗೆ ಹೋಗಿದ್ದೆ. ಮಾವ ತೆಂಗಿನ ತೋಟ ಬರೀತಿದ್ದರು. ಒದ್ದೆ ಕಾಗದದ ಮೇಲೆ ನಡುಕ ಕಾಣೋದೇ ಇಲ್ಲ, ನೀರು ನುಂಗಿಬಿಡುತ್ತೆ. ಗರಿಗಳಿಗೆ ಮಾತ್ರ ಕಾಗದ ಒಣಗೋವರೆಗೆ ಕಾದು ಆಮೇಲೆ ಬ್ರಷ್ ಇಟ್ಟರು. ಅಲ್ಲಿ ನಡುಕ ಬೇಕಿತ್ತು, ಗಾಳಿಗೆ ಗರಿ ಅದುರೋ ಹಾಗೆ ಬಂತು. ಮರದ ಹಿಂದಿನ ಮನೆಯ ಗೋಡೆಗೆ ಟೇಪ್ ಅಂಟಿಸಿ ನೇರ ಗೆರೆ ತೆಗೆದರು. ಅಕ್ಷರ ಬರೆಯೋಕಾಗಲ್ಲ ಅನ್ನೋ ಸಂಕಟ ಹೋಗಿಲ್ಲ, ಅದು ಹೋಗೋದೂ ಇಲ್ಲ. ಹಳೇ ಬೋರ್ಡುಗಳ ಫೋಟೋ ತೋರಿಸಿದರೆ ಮುಖ ಆಚೆ ತಿರುಗಿಸ್ತಾರೆ.

ಐಪ್ಯಾಡ್ ಏನಾಯ್ತು ಅಂತ ಕೇಳಿದೆ. ತೆಗೆದು ತೋರಿಸಿದರು. ಸ್ಟ್ರೀಮ್‌ಲೈನನ್ನ ಸೊನ್ನೆಗೂ ಇಳಿಸಿರಲಿಲ್ಲ, ನಾನಿಟ್ಟ ಹಾಗೆ ಪೂರ್ತಿಯೂ ಬಿಟ್ಟಿರಲಿಲ್ಲ. ಕಾಲು ಭಾಗಕ್ಕೆ ನಿಲ್ಲಿಸಿದ್ದರು. ಒಂದು ‘ಅ’ ಇತ್ತು. ಹೊಟ್ಟೆಯ ಹತ್ತಿರ ಗೆರೆ ಸ್ವಲ್ಪ ಅದುರಿತ್ತು.

“ಈಗ ನಂದು” ಅಂದ್ರು.